ದ್ರವಸ್ಫಟಿಕದ ಹನಿಯೊಳಗೆ



ಕೆಲವು ತಿಂಗಳ ಹಿಂದೆ ಹತ್ತನೆಯ ತರಗತಿಗೆ ಸಮಾಸ ಪ್ರಕರಣವನ್ನು ಪಾಠ ಹೇಳುತ್ತಿದ್ದೆ. ನೀಲೋತ್ಪಲ, ಹೆಮ್ಮರ, ಇನಿದನಿ ಎಂದು ಕರ್ಮಧಾರಯಕ್ಕೆ ಉದಾಹರಣೆಗಳನ್ನು ಕೊಟ್ಟು, “ಈಗ ನೀವು ಒಂದೊಂದು ಹೇಳಿ” ಎಂದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು “ದ್ರವಸ್ಫಟಿಕ” ಎಂದಳು. ಗಡಿಯಾರದ ಮುಖದಲ್ಲಿಯೂ ಟೆಲಿವಿಷನ್ನಿನ ಪರದೆಯಲ್ಲಿಯೂ ಆ ಪದಾರ್ಥವೇ ಇರುವುದೆಂದು ಆಕೆ ಎಲ್ಲಿಯೋ ಓದಿದ್ದಳು. ನಾನು ಮೆಚ್ಚಿ ತಲೆದೂಗುವಷ್ಟರಲ್ಲಿ ಆಕೆಯೇ ಮತ್ತೆ ಕೇಳಿದಳು: “ಆದರೆ ಇದು ಸಮಾಸವಾಗುವುದು ಹೇಗೆ, ಸಾರ್? ದ್ರವವಾದದ್ದು ಹರಿಯುತ್ತದೆ, ಸ್ಫಟಿಕವಾದದ್ದು ನಿಲ್ಲುತ್ತದೆ. ಎರಡೂ ಒಂದೇ ವಸ್ತುವಿನ ವಿಶೇಷಣ ಆದೀತೆ?”

ಪ್ರಶ್ನೆ ನ್ಯಾಯವಾದದ್ದೇ. ಆಡಿದ ಮಾತೇ ತನ್ನನ್ನು ತಾನು ಹೊಡೆದುಹಾಕುವುದಕ್ಕೆ ನಮ್ಮ ಶಾಸ್ತ್ರಕಾರರು ವದತೋವ್ಯಾಘಾತ ಎಂಬ ಹೆಸರನ್ನು ಕೊಟ್ಟಿದ್ದಾರೆ. “ನನ್ನ ತಾಯಿ ಬಂಜೆ” ಎಂದಂತೆ. ಅಂದು ನಾನು ಆ ಹೆಸರನ್ನು ಹೇಳಿ ನಕ್ಕು ಮುಂದಿನ ಸಮಾಸಕ್ಕೆ ಹೋಗಿಬಿಟ್ಟೆ. ಹುಡುಗಿ ಕುಳಿತಳು, ಪ್ರಶ್ನೆ ಮಾತ್ರ ಕೂರಲಿಲ್ಲ. ಗೊತ್ತಿಲ್ಲದುದನ್ನು ದೊಡ್ಡ ಹೆಸರಿನಿಂದ ಮುಚ್ಚುವುದು ಉಪಾಧ್ಯಾಯನಾದವನಿಗೆ ಒಪ್ಪುವ ಕೆಲಸವಲ್ಲ. ಆಮೇಲೆ ವಿಜ್ಞಾನದ ಸಹೋದ್ಯೋಗಿಗಳನ್ನು ಕೇಳಿ, ಪುಸ್ತಕಗಳನ್ನು ತಿರುವಿ ಹಾಕಿ, ನಾನು ತಿಳಿದುಕೊಂಡ ಕಥೆಯನ್ನು ಇಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ. ಕಣ್ಣಿಗೆ ಕಂಡುದನ್ನು ಬುದ್ಧಿಯಿಂದಲೂ, ಕಣ್ಣಿಗೆ ಕಾಣದುದನ್ನು ಲೆಕ್ಕದಿಂದಲೂ ಮನುಷ್ಯನು ಹೇಗೆ ಅರಿತುಕೊಂಡನೆಂಬುದೇ ಈ ಕಥೆಯ ತಿರುಳು.

೧೮೮೮ನೆಯ ಇಸವಿ. ಪ್ರಾಗ್ ನಗರದಲ್ಲಿ ಫ್ರೀಡ್ರಿಶ್ ರೈನಿಟ್ಸರ್ ಎಂಬ ಸಸ್ಯಶಾಸ್ತ್ರಜ್ಞನಿದ್ದನು. ಗಜ್ಜರಿಯಲ್ಲಿರುವ ಕೊಲೆಸ್ಟರಾಲನ್ನು ಕುರಿತು ಅವನು ಪರಿಶೋಧನೆ ನಡೆಸುತ್ತಿದ್ದನು. ಅದಕ್ಕೆ ಸಂಬಂಧಿಸಿದ ಕೊಲೆಸ್ಟರಿಲ್ ಬೆಂಜೋಯೇಟ್ ಎಂಬ ವಸ್ತುವನ್ನು ಕಾಯಿಸಿದಾಗ ಒಂದು ವಿಚಿತ್ರ ಕಾಣಿಸಿತು. ಯಾವ ಶುದ್ಧವಸ್ತುವೇ ಆಗಲಿ, ಅದಕ್ಕೆ ಕರಗುವ ಉಷ್ಣತೆ ಒಂದೇ ಇರತಕ್ಕದ್ದು. ಮಂಜುಗಡ್ಡೆಯು ಎರಡು ಸಲ ಕರಗುವುದಿಲ್ಲ. ಈ ವಸ್ತುವಾದರೋ ಎರಡು ಸಲ ಕರಗಿತು! ೧೪೫.೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಗಟ್ಟಿಯ ರೂಪವನ್ನು ಬಿಟ್ಟು ಕದಡಿದ ಹಾಲಿನಂಥ ದ್ರವವಾಯಿತು, ೧೭೮.೫ ಡಿಗ್ರಿಯಲ್ಲಿ ಆ ಕದಡು ಹೋಗಿ ತಿಳಿನೀರಿನಂತೆ ಸ್ವಚ್ಛವಾಯಿತು. ಆರಿಸುವಾಗ ಇವೇ ಎರಡು ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಿತು. ನಡುನಡುವೆ ನೀಲಿ ನೇರಳೆ ಬಣ್ಣಗಳು ಹೊಳೆದು ಮಾಯವಾದವು.

ಸಸ್ಯಶಾಸ್ತ್ರಜ್ಞನಿಗೆ ಇದು ತನ್ನ ಕೈಗೆ ನಿಲುಕುವ ವಿಷಯವಲ್ಲವೆಂದು ತೋರಿತು. ಆ ವರ್ಷದ ಮಾರ್ಚ್ ೧೪ರಂದು ಆತನು ಓಟ್ಟೊ ಲೇಮನ್ ಎಂಬ ಭೌತಶಾಸ್ತ್ರಜ್ಞನಿಗೆ ದೀರ್ಘವಾದ ಪತ್ರವೊಂದನ್ನು ಬರೆದು, ವಸ್ತುವಿನ ಮಾದರಿಯನ್ನೂ ಕಳುಹಿಸಿಕೊಟ್ಟನು. ತನಗೆ ತಿಳಿಯದೆಂದು ಒಪ್ಪಿ ತಿಳಿದವನಿಗೆ ಬರೆದ ಆ ಕಾಗದದಿಂದಲೇ ಒಂದು ಹೊಸ ಶಾಸ್ತ್ರ ಹುಟ್ಟಿತು. ತರಗತಿಯಲ್ಲಿ ನಾನು ಮಾಡದೆ ಹೋದ ಕೆಲಸವನ್ನೇ ರೈನಿಟ್ಸರನು ಮಾಡಿದ್ದನು.

ಲೇಮನ್ನನ ಬಳಿ ಆ ಕಾಲಕ್ಕೆ ಅಪರೂಪವಾದ ಸಲಕರಣೆಯೊಂದಿತ್ತು. ವಸ್ತುವನ್ನು ಕಾಯಿಸುತ್ತಲೇ ನೋಡಬಲ್ಲ ಸೂಕ್ಷ್ಮದರ್ಶಕ. ಅದಕ್ಕೆ ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೋಸುವ ಎರಡು ಜರಡಿಗಳು. ಒಂದು ಜರಡಿ ಉದ್ದವಾದ ಕಂಪನವನ್ನು ಬಿಟ್ಟರೆ ಇನ್ನೊಂದು ಅಡ್ಡವಾದುದನ್ನು ಬಿಡುತ್ತದೆ. ಎರಡನ್ನೂ ಒಂದರ ಹಿಂದೊಂದು ಇಟ್ಟರೆ ಬೆಳಕು ಪೂರ್ಣವಾಗಿ ನಿಂತು ಕತ್ತಲಾಗುತ್ತದೆ. ನಡುವೆ ನೀರನ್ನಿಟ್ಟರೂ ಕತ್ತಲೆಯೇ. ಆದರೆ ಅನೇಕ ಸ್ಫಟಿಕಗಳು ಬೆಳಕಿನ ಕಂಪನವನ್ನು ಬದಲಿಸುವುದರಿಂದ ಆ ಕತ್ತಲೆಯಲ್ಲಿ ಬೆಳಗುತ್ತವೆ. ಲೇಮನ್ನನು ರೈನಿಟ್ಸರನ ಕದಡಿದ ದ್ರವವನ್ನು ಇಟ್ಟು ನೋಡಿದನು. ಅದು ಹರಿಯುತ್ತಿತ್ತು, ಹರಿಯುತ್ತಲೇ ಬೆಳಗುತ್ತಿತ್ತು! ೧೮೮೯ರಲ್ಲಿ “ಹರಿಯುವ ಸ್ಫಟಿಕಗಳನ್ನು ಕುರಿತು” ಎಂಬ ಅರ್ಥದ ಹೆಸರಿನಲ್ಲಿ ಅವನ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ಅವನು ಕಾರ್ಲ್ಸ್‌ರೂಹೆಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ಅವನಿಗಿಂತ ಹಿಂದೆ ಆ ಪೀಠದಲ್ಲಿದ್ದವನು ಹೈನ್ರಿಶ್ ಹೆರ್ಟ್ಸ್. ರೇಡಿಯೋ ಅಲೆಗಳನ್ನು ಮೊತ್ತಮೊದಲು ತೋರಿಸಿಕೊಟ್ಟ ಆ ಮಹನೀಯನ ಹೆಸರನ್ನು ಈ ಪತ್ರಿಕೆಯ ವಾಚಕರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ.

ಲೇಮನ್ನನಿಗೆ ಈ ದ್ರವಗಳ ಹನಿಗಳನ್ನು ನೋಡುವುದೇ ಒಂದು ಗೀಳಾಯಿತು. ಬೇರೊಂದು ದ್ರವದಲ್ಲಿ ತೇಲುವ ಕಿರುಹನಿಗಳು ಅವನ ಸೂಕ್ಷ್ಮದರ್ಶಕದಲ್ಲಿ ಬರಿಯ ಬೆಳಕಿನ ಚುಕ್ಕೆಗಳಾಗಿ ಕಾಣಲಿಲ್ಲ. ಕೆಲವು ಹನಿಗಳ ಮೇಲೆ ಕಪ್ಪುಬಣ್ಣದ ಶಿಲುಬೆ. ಕೆಲವುಗಳಲ್ಲಿ ಎರಡು ತುದಿಗಳಿಂದ ಹೊರಟು ಬಾಗಿ ಕೂಡುವ ಗೆರೆಗಳು. ಎರಡು ಹನಿ ಸೇರಿದರೆ ಹೊಸ ಗೆರೆಗಳ ವಿನ್ಯಾಸ. ಇವೆಲ್ಲವನ್ನೂ ಅವನು ಅತ್ಯಂತ ಶ್ರದ್ಧೆಯಿಂದ ಚಿತ್ರಿಸಿಟ್ಟನು.

ಆದರೆ ಅವನನ್ನು ನಂಬಿದವರು ಎಷ್ಟು ಮಂದಿ? ಗುಸ್ತಾವ್ ತಮ್ಮಾನ್ ಎಂಬ ಹೆಸರಾಂತ ರಸಾಯನಶಾಸ್ತ್ರಜ್ಞನು, ಇದು ಎರಡು ದ್ರವಗಳು ಬೆರೆಯದೆ ಕದಡಿನಿಂತ ಮಿಶ್ರಣವಷ್ಟೇ, ಮಜ್ಜಿಗೆಯಲ್ಲಿ ಬೆಣ್ಣೆ ತೇಲಿದಂತೆ, ಎಂಬ ಪಕ್ಷವನ್ನು ಹಿಡಿದನು. ಹಾಲೆ ನಗರದ ಡೇನಿಯಲ್ ಫೋರ್ಲೆಂಡರನು ಇಂಥ ಗುಣವುಳ್ಳ ನೂರಾರು ವಸ್ತುಗಳನ್ನು ತಯಾರಿಸಿ, ಅಣುಗಳು ಕಡ್ಡಿಯಂತೆ ನೀಳವಾಗಿದ್ದರೆ ಈ ಸ್ಥಿತಿ ಒದಗುವುದೆಂದು ತೋರಿಸಿದ ಮೇಲೆಯೇ ಆ ವಾದ ಸಡಿಲವಾದದ್ದು. ಲೇಮನ್ನನಾದರೋ ಇನ್ನೊಂದು ದಿಕ್ಕಿಗೆ ಸಾಗಿದ್ದನು. ಬೆಳೆಯುವ, ಕೂಡುವ, ಒಡೆಯುವ ಹನಿಗಳನ್ನು ಕಂಡು, ಇವಕ್ಕೂ ಜೀವಕ್ಕೂ ಏನೋ ನಂಟಿದೆಯೆಂದು ೧೯೦೬ರಲ್ಲಿ ಬರೆದನು. ೧೯೧೭ರಲ್ಲಿ ಎರ್ನ್‌ಸ್ಟ್ ಹೆಕೆಲ್ ಎಂಬ ಪ್ರಾಣಿಶಾಸ್ತ್ರಜ್ಞನು ಸ್ಫಟಿಕಗಳಿಗೆ ಆತ್ಮವುಂಟೆಂದು ಗ್ರಂಥವನ್ನೇ ರಚಿಸಿದನು. ಕಣ್ಣು ಕಂಡದ್ದು ಸುಳ್ಳಾಗಿರಲಿಲ್ಲ; ಕಂಡದ್ದಕ್ಕೆ ಅರ್ಥ ಹೇಳುವ ಸಾಧನ ಇನ್ನೂ ಹುಟ್ಟಿರಲಿಲ್ಲ. ಲೇಮನ್ ೧೯೨೨ರಲ್ಲಿ ತೀರಿಕೊಂಡನು. ನೊಬೆಲ್ ಪಾರಿತೋಷಕಕ್ಕೆ ಹಲವು ಬಾರಿ ಅವನ ಹೆಸರು ಸೂಚಿತವಾಗಿದ್ದರೂ ಅದು ಅವನಿಗೆ ದಕ್ಕಲಿಲ್ಲ.

ಅದೇ ೧೯೨೨ರಲ್ಲಿ ಫ್ರಾನ್ಸಿನ ಜಾರ್ಜ್ ಫ್ರೀಡೆಲ್ ಒಂದು ದೊಡ್ಡ ಪ್ರಬಂಧವನ್ನು ಬರೆದು ಈ ಪದಾರ್ಥಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದನು. ಅವುಗಳಲ್ಲಿ ಅತಿ ಸರಳವಾದುದು ನೆಮ್ಯಾಟಿಕ್. ನೂಲು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದ ಹೆಸರು. ವಾಚಕರು ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ‘ದ್ರವಸ್ಫಟಿಕ’ ಎಂಬ ಹೆಸರೇ ತಪ್ಪೆಂದು ಫ್ರೀಡೆಲ್ ವಾದಿಸಿದ್ದನು. ಇವು ನಿಜವಾದ ಸ್ಫಟಿಕಗಳಲ್ಲ, ಸಾಧಾರಣ ದ್ರವಗಳೂ ಅಲ್ಲ, ಮಧ್ಯರೂಪದವು ಎಂದನು. ನಮ್ಮ ಹುಡುಗಿಯ ಆಕ್ಷೇಪಣೆಯೂ ಇದೇ ಅಲ್ಲವೆ? ಪಂಡಿತನು ನಕ್ಕು ಬಿಟ್ಟ ಪ್ರಶ್ನೆಯನ್ನು ಆ ಶಾಸ್ತ್ರದ ಆಚಾರ್ಯನೊಬ್ಬನು ಆಕೆಗಿಂತ ನೂರು ವರ್ಷ ಮೊದಲೇ ಎತ್ತಿದ್ದನು.

ಹಾಗಾದರೆ ಒಳಗೆ ಇರುವುದೇನು? ಜಾತ್ರೆಗೆ ಹೊರಟ ಜನವನ್ನು ನೆನೆಯಿರಿ. ಯಾರೂ ನಿಂತಲ್ಲಿ ನಿಂತಿಲ್ಲ. ಒಬ್ಬರನ್ನೊಬ್ಬರು ಹಾದು ನಡೆಯುತ್ತಿದ್ದಾರೆ. ಆದರೂ ಎಲ್ಲರ ಮುಖವೂ ತೇರಿನ ಕಡೆಗಿದೆ. ಜಾಗದಲ್ಲಿ ಕಟ್ಟಿಲ್ಲ, ದಿಕ್ಕಿನಲ್ಲಿ ಕಟ್ಟಿದೆ. ನೆಮ್ಯಾಟಿಕ್ ದ್ರವದಲ್ಲಿ ಕಡ್ಡಿಯಂಥ ಅಣುಗಳು ಹೀಗೆಯೇ ಸರಿದಾಡುತ್ತಲೇ ಒಂದು ದಿಕ್ಕಿಗೆ ಸಮಾಂತರವಾಗಿರುತ್ತವೆ. ಜಾತ್ರೆಯ ಜನಕ್ಕೆ ಮುಖವೂ ಬೆನ್ನೂ ಬೇರೆ. ಈ ಕಡ್ಡಿಗಳಿಗಾದರೋ ತಲೆ ಯಾವುದು ಕಾಲು ಯಾವುದು ಎಂಬ ಭೇದವಿಲ್ಲ, ಅಷ್ಟೇ ವ್ಯತ್ಯಾಸ. ದ್ರವತ್ವ ಇರುವುದು ಜಾಗದ ವಿಷಯದಲ್ಲಿ. ಸ್ಫಟಿಕದ ಗುಣ ಇರುವುದು ದಿಕ್ಕಿನ ವಿಷಯದಲ್ಲಿ. ವಿಷಯ ಬೇರೆಯಾದ ಮೇಲೆ ವಿರೋಧವೆಲ್ಲಿ? ಸಮಾಸ ಉಳಿಯಿತು.

ಇನ್ನು ಈ ದ್ರವವನ್ನು ಪುಟ್ಟ ಹನಿಯೊಳಗೆ ಸೆರೆಹಾಕಿದರೆ ಕಥೆ ಬಿಗಿಯಾಗುತ್ತದೆ. ಹನಿಯೊಳಗಿನ ಅಣುಗಳಿಗೆ ಎರಡು ಕಟ್ಟಳೆಗಳು. ಒಂದು, ನೆರೆಯವನಿಗೆ ಸಮಾಂತರವಾಗಿರು. ಎರಡು, ಗೋಡೆ ಹೇಳಿದಂತೆ ಕೇಳು. ಗೋಡೆ ಎಂದರೆ ಹನಿಯ ಮೇಲ್ಮೈ. ಸುತ್ತಲಿನ ದ್ರವ್ಯ ಒಂದು ಬಗೆಯದಾದರೆ ಅಣುಗಳು ಮೇಲ್ಮೈಗೆ ಒರಗಿ ಮಲಗುತ್ತವೆ. ಅದಕ್ಕೆ ಲೆಸಿಥಿನ್‌ನಂಥ ವಸ್ತು ಬೆರೆತಿದ್ದರೆ ಮೇಲ್ಮೈಗೆ ಲಂಬವಾಗಿ ನೆಟ್ಟಗೆ ನಿಲ್ಲುತ್ತವೆ.

ನೆಟ್ಟಗೆ ನಿಲ್ಲುವ ಹನಿಯನ್ನು ಮೊದಲು ನೋಡೋಣ. ಗೋಡೆಯ ಅಣುಗಳೆಲ್ಲ ಕೇಂದ್ರದ ಕಡೆ ಗುರಿಯಿಟ್ಟಿವೆ. ಅವುಗಳ ನೆರೆಯವೂ ಅದೇ ದಾರಿ ಹಿಡಿಯುತ್ತವೆ. ಮಳೆಗಾಲದಲ್ಲಿ ಅರಳುವ ಕದಂಬದ ಹೂವನ್ನು ನೀವು ನೋಡಿರಬಹುದು. ದುಂಡನೆಯ ಚೆಂಡಿನಿಂದ ಎಲ್ಲ ದಿಕ್ಕಿಗೂ ಎಳೆಗಳು ನೆಟ್ಟಗೆ ಚಿಮ್ಮಿರುತ್ತವೆ. ಶಬ್ದವು ಹುಟ್ಟಿದೆಡೆಯಿಂದ ಹೇಗೆ ಹರಡುತ್ತದೆಂಬುದಕ್ಕೆ ನಮ್ಮ ತಾರ್ಕಿಕರು ಹೇಳಿದ ಎರಡು ನ್ಯಾಯಗಳಲ್ಲಿ ಒಂದು ವೀಚೀತರಂಗ ನ್ಯಾಯ, ಇನ್ನೊಂದು ಈ ಕದಂಬಗೋಲಕ ನ್ಯಾಯ. ಆ ಹೂವೇ ನಮ್ಮ ಹನಿ. ಆದರೆ ನಟ್ಟನಡುವೆ ಏನಾಗುತ್ತದೆ? ಎಲ್ಲ ದಿಕ್ಕುಗಳೂ ಕೂಡುವ ಬಿಂದುವಿನಲ್ಲಿರುವ ಅಣು ಯಾವ ದಿಕ್ಕಿಗೆ ತಿರುಗಬೇಕು? ಯಾವ ದಿಕ್ಕನ್ನು ಹಿಡಿದರೂ ಉಳಿದವರಿಗೆ ಅಪಚಾರ. ಆದುದರಿಂದ ಅಲ್ಲಿ ಒಂದು ದೋಷ ಅನಿವಾರ್ಯ. ಎಷ್ಟೇ ಜಾಣತನದಿಂದ ಜೋಡಿಸಿದರೂ ಆ ದೋಷವನ್ನು ಹನಿಯಿಂದ ಹೊರಹಾಕಲು ಸಾಧ್ಯವಿಲ್ಲವೆಂಬುದು ಗಣಿತದ ಸಿದ್ಧಾಂತ.

ಮಲಗುವ ಹನಿಯಲ್ಲಿಯೂ ಹಾಗೆಯೇ. ಭೂಗೋಳದ ಮೇಲಿನ ರೇಖಾಂಶಗಳಂತೆ ಅಣುಗಳು ಎರಡು ಧ್ರುವಗಳ ನಡುವೆ ಸಾಲುಗೊಳ್ಳುತ್ತವೆ. ದೋಷಗಳು ಆ ಎರಡು ಧ್ರುವಗಳಲ್ಲಿ ಕೂರುತ್ತವೆ. ಚೆಂಡಿನ ತುಂಬ ಕೂದಲಿದ್ದು ಅದನ್ನು ಬಾಚಿದರೆ ಎಲ್ಲಿಯಾದರೊಂದು ಕಡೆ ಸುಳಿ ಬಿದ್ದೇ ಬೀಳುತ್ತದೆ. ಎತ್ತನ್ನು ಕೊಳ್ಳುವಾಗ ಸುಳಿಯನ್ನು ಹುಡುಕುವ ನಮ್ಮ ರೈತನಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಲೇಮನ್ನನು ಕಂಡ ಕಪ್ಪು ಶಿಲುಬೆಯ ಗುಟ್ಟೂ ಈಗ ಬಯಲಾಗುತ್ತದೆ. ಅಣುವು ಬೆಳಕಿನ ಜರಡಿಯ ದಿಕ್ಕಿಗೆ ಸರಿಯಾಗಿ ಉದ್ದಕ್ಕೋ ಅಡ್ಡಕ್ಕೋ ಇದ್ದರೆ ಅದು ಬೆಳಕಿನ ಕಂಪನವನ್ನು ಬದಲಿಸಲಾರದು, ಅಲ್ಲಿ ಕತ್ತಲೆ. ಕದಂಬದಂತೆ ಚಿಮ್ಮಿದ ಹನಿಯಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಇರುವ ಅಣುಗಳು ಹೀಗೆ ಇರುತ್ತವೆ. ಓರೆಯಾಗಿರುವ ಉಳಿದವು ಬೆಳಗುತ್ತವೆ. ನಾಲ್ಕು ತೋಳಿನ ಕಪ್ಪು ಗುರುತು ಮೂಡುತ್ತದೆ. ಜೀವವೂ ಇಲ್ಲ, ಆತ್ಮವೂ ಇಲ್ಲ. ಎರಡು ಕಟ್ಟಳೆಗಳ ಜಗಳ, ಅದರ ರಾಜಿ.

ಈ ರಾಜಿಯ ಗಣಿತವನ್ನು ಸ್ವೀಡನ್ನಿನ ಒಸೀನ್ ಮೊದಲಾದವರು ಕಟ್ಟತೊಡಗಿದರು. ೧೯೫೮ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಫ್ರಾಂಕ್ ಅದಕ್ಕೆ ಅಚ್ಚುಕಟ್ಟಾದ ರೂಪವನ್ನು ಕೊಟ್ಟನು. ಸಾಲುಗೊಂಡ ಅಣುಗಳನ್ನು ಮೂರು ಬಗೆಯಲ್ಲಿ ಕೆಡಿಸಬಹುದು: ಹರಡುವುದು, ತಿರುಚುವುದು, ಬಾಗಿಸುವುದು, ಒಂದೊಂದಕ್ಕೂ ಇಷ್ಟಿಷ್ಟು ಶಕ್ತಿ ವೆಚ್ಚ. ಈ ಲೆಕ್ಕವನ್ನು ೧೯೬೯ರಲ್ಲಿ ಫ್ರಾನ್ಸಿನ ದ್ಯುಬ್ವಾ-ವಿಯೊಲೆತ್ ಮತ್ತು ಪರೋದಿ ಎಂಬವರು ಹನಿಗಳಿಗೆ ಅನ್ವಯಿಸಿದರು. ೧೯೮೩ರಲ್ಲಿ ಸೋವಿಯತ್ ದೇಶದ ವೊಲೋವಿಕ್ ಮತ್ತು ಲವ್ರೆಂಟೋವಿಚ್, ಉಷ್ಣತೆಯನ್ನು ಬದಲಿಸುತ್ತ ಒಂದೇ ಹನಿಯು ಒಂದು ವಿನ್ಯಾಸದಿಂದ ಇನ್ನೊಂದಕ್ಕೆ ಹೊರಳುವುದನ್ನು ಕಣ್ಣಾರೆ ಕಂಡರು.

ಆದರೆ ಈ ಗಣಿತಕ್ಕೆ ಒಂದು ಮಿತಿ ಇದೆ. ಅದು ದ್ರವವನ್ನು ಎಡೆಬಿಡದ ಬಟ್ಟೆಯಂತೆ ಭಾವಿಸುತ್ತದೆ, ಬಿಡಿ ನೂಲನ್ನು ಎಣಿಸುವುದಿಲ್ಲ. ಕೇಂದ್ರದ ದೋಷದ ಹತ್ತಿರ ಬಂದಂತೆ ಬಟ್ಟೆ ಹರಿಯುತ್ತದೆ. ಅಲ್ಲಿ ನೂಲನ್ನೇ ಎಣಿಸಬೇಕು. ಒಂದು ಮಿಲಿಮೀಟರಿನ ಸಾವಿರದೊಂದು ಪಾಲಿನಷ್ಟು ಅಗಲದ ಹನಿಯೊಳಗೂ ನೂರು ಕೋಟಿಗೆ ಮಿಕ್ಕ ಅಣುಗಳಿರುತ್ತವೆ. ಒಂದೊಂದೂ ತನ್ನ ನೆರೆಯನ್ನು ನೋಡಿ ತಿರುಗುತ್ತದೆ; ಆ ನೆರೆಯು ಇನ್ನೊಂದು ನೆರೆಯನ್ನು ನೋಡಿ. ಇದನ್ನು ಕಾಗದದ ಮೇಲೆ ಬಿಡಿಸುವವರಾರು?

ಉತ್ತರ ಬಂದದ್ದು ತೀರ ಅನಿರೀಕ್ಷಿತವಾದ ಕಡೆಯಿಂದ. ೧೯೪೬ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞನು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದನು. ಆಟ ಗೆಲ್ಲುವ ಸಂಭವವೆಷ್ಟು ಎಂಬುದನ್ನು ಸೂತ್ರದಿಂದ ಬಿಡಿಸುವುದು ಕಷ್ಟವಾಯಿತು. ನೂರು ಸಲ ಆಡಿ ಎಷ್ಟು ಸಲ ಗೆದ್ದೆನೆಂದು ಎಣಿಸಿದರೆ ಸಾಲದೆ ಎಂದು ಹೊಳೆಯಿತು. ಜೂಜಿಗೆ ಹೆಸರಾದ ಮಾಂಟೆ ಕಾರ್ಲೊ ಪಟ್ಟಣದ ಹೆಸರೇ ಆ ವಿಧಾನಕ್ಕೆ ನಿಂತಿತು. ಅಮೆರಿಕದ ಲಾಸ್ ಅಲಮೋಸ್ ಎಂಬಲ್ಲಿ, ಬಾಂಬಿನ ಲೆಕ್ಕಗಳು ನಡೆಯುತ್ತಿದ್ದ ಪ್ರಯೋಗಶಾಲೆಯಲ್ಲಿ, ಮೇನಿಯಾಕ್ ಎಂಬ ಗಣಕಯಂತ್ರವಿತ್ತು. ಅದರ ನೆನಪಿನಲ್ಲಿ ಹಿಡಿಯುತ್ತಿದ್ದುದು ೧೦೨೪ ಅಂಕಿಗಳು ಮಾತ್ರ. ಇಂದು ನಿಮ್ಮ ಜೇಬಿನಲ್ಲಿರುವ ದೂರವಾಣಿಯ ಮುಂದೆ ಅದು ಸಮುದ್ರದ ಮುಂದಿನ ಉದ್ಧರಣೆಯ ನೀರು. ಆ ಯಂತ್ರದಲ್ಲಿ ೨೨೪ ದುಂಡು ಬಿಲ್ಲೆಗಳು ಒಂದನ್ನೊಂದು ತಳ್ಳುವ ಲೆಕ್ಕವನ್ನು ಮಾಡಿ ೧೯೫೩ರಲ್ಲಿ ಐವರು ಒಂದು ಪ್ರಬಂಧವನ್ನು ಪ್ರಕಟಿಸಿದರು: ನಿಕೊಲಾಸ್ ಮೆಟ್ರೊಪೊಲಿಸ್, ಏರಿಯಾನಾ ರೋಸೆನ್‌ಬ್ಲೂತ್, ಮಾರ್ಷಲ್ ರೋಸೆನ್‌ಬ್ಲೂತ್, ಆಗಸ್ಟಾ ಟೆಲ್ಲರ್, ಎಡ್ವರ್ಡ್ ಟೆಲ್ಲರ್.

ವಿಧಾನವನ್ನು ನಮ್ಮ ಹನಿಗೆ ಹೊಂದಿಸಿ ಹೇಳುತ್ತೇನೆ. ಯಂತ್ರವು ಒಂದು ಅಣುವನ್ನು ಚೀಟಿ ಎತ್ತಿದಂತೆ ಆರಿಸುತ್ತದೆ. ಅದನ್ನು ಮನಸ್ಸಿಗೆ ಬಂದ ಕಡೆಗೆ ತುಸು ತಿರುಗಿಸುತ್ತದೆ. ಹಾಗೆ ತಿರುಗಿಸಿದುದರಿಂದ ನೆರೆಹೊರೆಯ ಒಟ್ಟು ಶಕ್ತಿ ಕಡಮೆಯಾದರೆ, ಆಗಲಿ, ಹಾಗೆಯೇ ಇರು ಎನ್ನುತ್ತದೆ. ಹೆಚ್ಚಾದರೆ ಒಡನೆಯೇ ತಳ್ಳಿಹಾಕುವುದಿಲ್ಲ, ದಾಳ ಉರುಳಿಸುತ್ತದೆ. ಉಷ್ಣತೆ ಹೆಚ್ಚಾಗಿದ್ದರೆ ಅನುಮತಿ ದೊರೆಯುವ ಸಂಭವ ಹೆಚ್ಚು, ತಂಪಾಗಿದ್ದರೆ ಕಡಮೆ. ಅನುಮತಿ ದೊರೆಯದಿದ್ದರೆ ಅಣು ಹಿಂದಿನಂತೆಯೇ ನಿಲ್ಲುತ್ತದೆ. ಮತ್ತೆ ಇನ್ನೊಂದು ಅಣು. ಹೀಗೆ ಲಕ್ಷ, ಕೋಟಿ ಸಲ. ಈ ದಾಳ ಶಕುನಿಯದಲ್ಲ. ಪ್ರಕೃತಿಯ ಶಾಖದ ನಿಯಮಕ್ಕೆ ಸರಿಯಾಗಿ ತೂಗಿದ ದಾಳ. ಸಾಕಷ್ಟು ಕಾಲ ಆಡಿಸಿದರೆ ಅಣುಗಳು ನಿಜವಾಗಿ ಹೇಗಿರುತ್ತವೆಯೋ ಆ ನೆಲೆಗೆ ಯಂತ್ರದ ಅಣುಗಳೂ ಬಂದು ನಿಲ್ಲುತ್ತವೆ.

ಈ ವಿಧಾನಕ್ಕೆ ಇಂದಿಗೂ ಮೆಟ್ರೊಪೊಲಿಸನ ಹೆಸರೇ ನಡೆಯುತ್ತಿದೆ. ಆದರೆ ಮಾರ್ಷಲ್ ರೋಸೆನ್‌ಬ್ಲೂತ್ ತಾನು ತೀರಿಕೊಂಡ ವರ್ಷವಾದ ೨೦೦೩ರಲ್ಲಿ, ಮೆಟ್ರೊಪೊಲಿಸ್ ಒದಗಿಸಿದ್ದು ಯಂತ್ರದ ಸಮಯವನ್ನಷ್ಟೇ ಎಂದು ತಿಳಿಸಿದನು. ಯಂತ್ರಕ್ಕೆ ಅರ್ಥವಾಗುವ ಸಂಕೇತಗಳಲ್ಲಿ ಇಡೀ ಲೆಕ್ಕವನ್ನು ಬರೆದು ನಡೆಸಿದಾಕೆ ಏರಿಯಾನಾ. ಇಪ್ಪತ್ತೊಂದನೆಯ ವಯಸ್ಸಿಗೇ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದಿದ್ದ ಆಕೆ ಮಕ್ಕಳಾದ ಮೇಲೆ ಸಂಶೋಧನೆಯನ್ನು ಬಿಟ್ಟಳು. ೨೦೨೦ರ ಡಿಸೆಂಬರಿನಲ್ಲಿ ನಿಧನಳಾದಳು. ಜಗತ್ತಿನ ಎಷ್ಟೋ ಪ್ರಯೋಗಶಾಲೆಗಳಲ್ಲಿ ಪ್ರತಿದಿನವೂ ಉರುಳುವ ದಾಳವನ್ನು ಮೊದಲು ಉರುಳಿಸಿದ ಕೈ ಯಾರದೆಂದು ಬಹುಕಾಲ ಯಾರೂ ಕೇಳಲಿಲ್ಲ. ಪಾಠ ಹೇಳುವವರಾದರೂ ಆ ಹೆಸರನ್ನು ಹೇಳಬೇಕು.

ದ್ರವಸ್ಫಟಿಕಕ್ಕೆ ಈ ದಾಳ ತಲುಪಿದ್ದು ೧೯೭೨ರಲ್ಲಿ. ಐಬಿಎಂ ಸಂಸ್ಥೆಯ ಸಂಶೋಧಕರಾದ ಲೆಬ್ವೋಲ್ ಮತ್ತು ಲ್ಯಾಷರ್ ಎಂಬವರು ಅತ್ಯಂತ ಸರಳವಾದ ಮಾದರಿಯನ್ನು ಹೂಡಿದರು. ಚೌಕಳಿಯಾಗಿ ಜೋಡಿಸಿದ ಘನಾಕೃತಿಯ ಮನೆಗಳು, ಮನೆಗೊಂದು ಕಡ್ಡಿ. ಕಡ್ಡಿ ಮನೆಯನ್ನು ಬಿಟ್ಟು ಹೋಗದು, ತಿರುಗಬಲ್ಲುದು ಮಾತ್ರ. ಸುತ್ತಲಿನ ಆರು ಮನೆಯವರೊಡನೆ ಮಾತ್ರ ಅದಕ್ಕೆ ವ್ಯವಹಾರ. ಇಷ್ಟು ಬಡ ಮಾದರಿಯೂ ತಂಪಾಗಿಸಿದಾಗ ಒಮ್ಮೆಲೆ ಸಾಲುಗೊಂಡಿತು. ರೈನಿಟ್ಸರನು ಕಂಡ ಎರಡನೆಯ ಮೆಟ್ಟಿಲಿನ ಬಗೆಯ ಸ್ಥಿತ್ಯಂತರವೇ ಯಂತ್ರದಲ್ಲಿ ಕಾಣಿಸಿತು. ಇಟಲಿಯ ಬೊಲೋನ್ಯಾದಲ್ಲಿ ೧೯೮೬ರಲ್ಲಿ ಫಬ್ರಿ ಮತ್ತು ಜನ್ನೋನಿ ಎಂಬವರು ಒಂದೊಂದು ಅಂಚಿಗೆ ೩೦ರಂತೆ ಒಟ್ಟು ೨೭,೦೦೦ ಮನೆಗಳನ್ನು ಕಟ್ಟಿ ಆ ಸ್ಥಿತ್ಯಂತರವನ್ನು ಬಲು ಸೂಕ್ಷ್ಮವಾಗಿ ಅಳೆದರು.

ಅಷ್ಟರಲ್ಲಿ ಹನಿಗಳಿಗೆ ಬೆಲೆ ಬಂದಿತ್ತು. ಅಮೆರಿಕದ ಜೇಮ್ಸ್ ಫರ್ಗಸನ್ ಒಂದು ಬಗೆಯಲ್ಲಿಯೂ, ಕೆಂಟ್ ನಗರದ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಡೋನ್ ಮತ್ತು ಸಂಗಡಿಗರು ೧೯೮೬ರಲ್ಲಿ ಇನ್ನೊಂದು ಬಗೆಯಲ್ಲಿಯೂ, ಪ್ಲಾಸ್ಟಿಕ್ಕಿನಂಥ ಹಾಳೆಯೊಳಗೆ ದ್ರವಸ್ಫಟಿಕದ ಕಿರುಹನಿಗಳನ್ನು ಹುದುಗಿಸಿದ್ದರು. ಹಾಗಿರುವಾಗ ಒಂದೊಂದು ಹನಿಯ ದಿಕ್ಕೂ ಬೇರೆ ಬೇರೆಯಾಗಿ ಹಾಳೆ ಹಾಲುಬಿಳುಪಾಗಿರುತ್ತದೆ. ವಿದ್ಯುತ್ತನ್ನು ಕೊಟ್ಟೊಡನೆ ಅಣುಗಳೆಲ್ಲ ಒಂದು ದಿಕ್ಕಿಗೆ ತಿರುಗಿ ಹಾಳೆ ಗಾಜಿನಂತೆ ತಿಳಿಯಾಗುತ್ತದೆ. ಗುಂಡಿಯನ್ನೊತ್ತಿದರೆ ಪರದೆ ಎಳೆದುಕೊಳ್ಳುವ ಕಿಟಕಿ! ಎಷ್ಟು ವಿದ್ಯುತ್ತಿಗೆ ಹನಿ ಹೊರಳುತ್ತದೆ, ಹನಿ ಚಿಕ್ಕದಾದರೆ ಏನು, ಗೋಡೆಯ ಹಿಡಿತ ಸಡಿಲವಾದರೆ ಏನು ಎಂಬ ಪ್ರಶ್ನೆಗಳು ಈಗ ಬರಿಯ ಕುತೂಹಲದವಾಗಿ ಉಳಿಯಲಿಲ್ಲ.

೧೯೯೦ರಲ್ಲಿ ಕಿಕ್ಕೊಲಿ, ಪಸೀನಿ, ಸೆಮೇರಿಯಾ, ಜನ್ನೋನಿ ಎಂಬ ನಾಲ್ವರು ಆ ಘನಾಕೃತಿಯಿಂದ ಒಂದು ಗೋಳವನ್ನು ಕೆತ್ತಿ ತೆಗೆದರು. ಗೋಳದ ಹೊರಗೆ ಸುತ್ತಲೂ ಅಲುಗದ ಕಡ್ಡಿಗಳನ್ನು ನೆಟ್ಟರು. ಅವೆಲ್ಲವೂ ಕೇಂದ್ರದ ಕಡೆ ಗುರಿಯಿಟ್ಟವು. ಇದೇ ಗೋಡೆ. ಒಳಗಿನ ಕಡ್ಡಿಗಳಿಗೆ ದಾಳ ಉರುಳಿಸಿದರು. ಯಾರೂ ಬರೆಯದೆ, ಯಾರೂ ಜೋಡಿಸದೆ, ಕದಂಬ ತಾನಾಗಿ ಅರಳಿತು. ನಡುವೆ ಮಾತ್ರ ದಿಕ್ಕುಗೆಟ್ಟ ಸಣ್ಣದೊಂದು ಜಾಗ ಉಳಿಯಿತು. ಮುಂದಿನ ವರ್ಷಗಳಲ್ಲಿ ಮಲಗುವ ಗೋಡೆಯನ್ನೂ ವಿದ್ಯುತ್ತಿನಂಥ ಹೊರಬಲವನ್ನೂ ಇಟ್ಟು ನೋಡಿದರು. ಹನಿ ಪುಟ್ಟದಾದಷ್ಟೂ ಒಮ್ಮೆಲೆ ಆಗುತ್ತಿದ್ದ ಸ್ಥಿತ್ಯಂತರವು ಮೊಂಡಾಗಿ, ಮೆಲ್ಲಮೆಲ್ಲನೆ ಆಗುವ ಬದಲಾವಣೆಯಾಯಿತು. ಗೋಡೆಯ ಹಿಡಿತ ಸಡಿಲವಾದಾಗ ಒಳಗಿನವರು ಗೋಡೆಯ ಮಾತನ್ನು ಮೀರಿ ತಮ್ಮತಮ್ಮಲ್ಲೇ ಒಂದಾದರು. ಕುಟುಂಬದ ಕಟ್ಟಳೆ, ಊರಿನ ಕಟ್ಟಳೆ ಎರಡರ ನಡುವೆ ಬದುಕುವ ನಮಗೆ ಇದರ ಅರ್ಥ ಸುಲಭವಾಗಿ ಆಗುತ್ತದೆ.

ಈ ಕಥೆಯಲ್ಲಿ ನನ್ನ ಮನಸ್ಸಿಗೆ ಬಹಳ ಹಿಡಿಸಿದ ಘಟ್ಟ ಇನ್ನು ಮುಂದಿನದು. ಯಂತ್ರದಲ್ಲಿ ಇರುವುದು ಅಂಕಿಗಳು ಮಾತ್ರ. ಅವು ನಿಜವೆಂದು ನಂಬುವುದು ಹೇಗೆ? ಸಂಶೋಧಕರು ಅಂಕಿಗಳ ಆ ಹನಿಯ ಮೂಲಕ ಲೆಕ್ಕದಿಂದಲೇ ಬೆಳಕನ್ನು ಹಾಯಿಸಿದರು. ಮೊದಲನೆಯ ಜರಡಿ, ಹನಿ, ಎರಡನೆಯ ಜರಡಿ; ಒಂದೊಂದು ಕಡ್ಡಿಯನ್ನು ದಾಟುವಾಗಲೂ ಬೆಳಕು ಎಷ್ಟು ಬದಲಾಗುತ್ತದೆಂದು ಗುಣಿಸಿ ಕೊನೆಗೆ ಚಿತ್ರವನ್ನು ಬರೆಸಿದರು. ಮೂಡಿದ್ದು ಯಾವುದು? ಕಪ್ಪು ಶಿಲುಬೆ! ನೂರು ವರ್ಷಗಳ ಹಿಂದೆ ಓಟ್ಟೊ ಲೇಮನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಬರೆದುಕೊಂಡಿದ್ದಂಥ ಶಿಲುಬೆ. ಕಂಡೂ ಅರ್ಥವಾಗದಿದ್ದ ಚಿತ್ರ, ಅರ್ಥವಿದ್ದೂ ಕಾಣದಿದ್ದ ಲೆಕ್ಕ, ಇವೆರಡೂ ಅಲ್ಲಿ ಕೈಕುಲುಕಿದವು.

ಆದರೂ ಎಲ್ಲವೂ ಮುಗಿಯಿತೆಂದು ತಿಳಿಯಬಾರದು. ಕದಂಬದ ನಡುವಿನ ದೋಷ ನಿಜವಾಗಿ ಬಿಂದುವೇ? ಅದು ಬಿಂದುವಲ್ಲ, ಅತಿ ಚಿಕ್ಕ ಉಂಗುರವಾಗಿ ತೆರೆದುಕೊಂಡಿರಬಹುದು ಎಂದು ೧೯೮೦ರ ದಶಕದ ಕೊನೆಯಲ್ಲಿ ಕೆಲವರು ಗಣಿತದಿಂದ ವಾದಿಸಿದರು. ಉಷ್ಣತೆ ತಗ್ಗಿ, ಹನಿ ಸಾಕಷ್ಟು ದೊಡ್ಡದಾದಾಗ ಬಿಂದು ನೆಲೆನಿಲ್ಲಲಾರದೆಂದು ೧೯೯೯ರಲ್ಲಿ ಗಾರ್ಟ್‌ಲೆಂಡ್ ಮತ್ತು ಮ್ಕದ್ದೆಮ್ ತೋರಿಸಿಕೊಟ್ಟರು. ಆ ಉಂಗುರ ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ಪಾಲು ಚಿಕ್ಕದು. ಸಾಧಾರಣ ಸೂಕ್ಷ್ಮದರ್ಶಕದ ಕಣ್ಣಿಗೆ ಬೀಳುವಂಥದಲ್ಲ. ಚೌಕಳಿ ಮನೆಗಳ ಮಾದರಿಯಲ್ಲಿಯೂ ದೋಷವು ಮನೆಗಳ ಸಂದಿನಲ್ಲಿ ಸಿಕ್ಕಿಕೊಂಡು ನಿಲ್ಲುವ ಅಪಾಯವುಂಟು. ಇದನ್ನು ನೀಗಲು ಮನೆಗಳನ್ನೇ ಕಿತ್ತುಹಾಕಿ, ಅಣುಗಳನ್ನು ಸ್ವೇಚ್ಛೆಯಾಗಿ ಸರಿದಾಡಬಿಡುವ ಮಾದರಿಗಳು ಬಂದವು. ಗೇ ಮತ್ತು ಬರ್ನ್ ಎಂಬವರು ೧೯೮೧ರಲ್ಲಿ ಸೂಚಿಸಿದ ನೀಳುಂಡೆಯಂಥ ಅಣುಗಳಿಂದ ೧೯೯೫ರಲ್ಲಿ ಎಮರ್ಸನ್ ಮತ್ತು ಜನ್ನೋನಿ ಹನಿಗಳನ್ನು ಕಟ್ಟಿದರು.

ಇಲ್ಲಿ ನಮ್ಮ ನಾಡಿನ ಮಾತೂ ಬರುತ್ತದೆ. ಅಣುಗಳು ಕಡ್ಡಿಯಂತಿರಬೇಕೆಂದು ಫೋರ್ಲೆಂಡರನ ಕಾಲದಿಂದ ಎಲ್ಲರೂ ನಂಬಿದ್ದರಷ್ಟೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾಗಿದ್ದು, ೧೯೭೧ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ೧೯೭೭ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧವೊಂದು ಆ ನಂಬಿಕೆಯನ್ನು ಅಲುಗಿಸಿತು. ಬಿಲ್ಲೆಯಂತೆ ಚಪ್ಪಟೆಯಾದ ಅಣುಗಳೂ ದ್ರವಸ್ಫಟಿಕವಾಗಬಲ್ಲವು. ಅವು ಅಂಗಡಿಯವನು ನಾಣ್ಯಗಳನ್ನು ಪೇರಿಸಿದಂತೆ ಕಂಬಕಂಬವಾಗಿ ನಿಲ್ಲುತ್ತವೆ ಎಂದು ಅವರು ತೋರಿಸಿದರು. ಮುಂದೆ ಗಣಕಯಂತ್ರಗಳೂ ಬಿಲ್ಲೆಗಳನ್ನು ಆಡಿಸಲು ಕಲಿತವು. ೧೯೯೪ರಲ್ಲಿ ಗೇ-ಬರ್ನ್ ಅಣುವಿನ ಬಿಲ್ಲೆರೂಪದ ಅನುಕರಣ ಪ್ರಕಟವಾಯಿತು. ಯಂತ್ರ ತಾನಾಗಿ ಬಿಲ್ಲೆಯನ್ನು ಊಹಿಸಿರಲಿಲ್ಲ. ಬೆಂಗಳೂರಿನ ಪ್ರಯೋಗಶಾಲೆ ತೋರಿಸಿಕೊಟ್ಟ ಆಕಾರವನ್ನೇ ಅದು ಎಣಿಸಿತು.

ಹಾಗಾದರೆ ಗಣಕಯಂತ್ರದ ಈ ಅನುಕರಣದಿಂದ ದೊರೆಯುವ ಅರಿವು ಯಾವ ಜಾತಿಯದು? ಪ್ರತ್ಯಕ್ಷವೆಂದರೆ, ಹನಿಯೊಳಗನ್ನು ಯಾರೂ ಕಂಡಿಲ್ಲ. ಇತ್ತೀಚೆಗೆ “ಯಂತ್ರ ಹೇಳಿತು” ಎಂದರೆ ಸಾಕು, ಅದನ್ನು ಆಪ್ತವಾಕ್ಯವೆಂದು ತಲೆಯ ಮೇಲಿಟ್ಟುಕೊಳ್ಳುವವರೂ ಉಂಟು. ಇಲ್ಲವೆ ಎಲ್ಲವೂ ಬೊಂಬೆಯಾಟವೆಂದು ತಳ್ಳಿಹಾಕುವವರೂ ಉಂಟು. ನಮ್ಮ ನ್ಯಾಯಶಾಸ್ತ್ರದಲ್ಲಿ ತರ್ಕವೆಂಬುದಕ್ಕೆ ಒಂದು ವಿಶೇಷ ಸ್ಥಾನವಿದೆ. “ಹೀಗಿದ್ದಿದ್ದರೆ ಹಾಗಾಗಬೇಕಾಗಿತ್ತು” ಎಂದು ಎಳೆ ಹಿಡಿದು ಕೊನೆಯವರೆಗೆ ಹೋಗುವುದೇ ತರ್ಕ. ಅದು ತಾನೇ ಪ್ರಮಾಣವಲ್ಲ, ಪ್ರಮಾಣಕ್ಕೆ ಸಹಾಯಕ. ಗಣಕಯಂತ್ರದ ಅನುಕರಣ ಈ ತರ್ಕವೇ ಎಂದು ನನಗೆ ತೋರುತ್ತದೆ. ಅಣುಗಳು ಇಂಥವಾಗಿದ್ದರೆ, ಗೋಡೆ ಇಂಥದಾಗಿದ್ದರೆ, ಕೋಟಿ ಹೆಜ್ಜೆಗಳ ಬಳಿಕ ಏನಾಗಬೇಕೆಂದು ಬೇಸರವಿಲ್ಲದೆ ಎಳೆ ಹಿಡಿದು ಹೋಗುವ ತರ್ಕ. ಅದರ ಆರಂಭದಲ್ಲಿಯೂ ಕಣ್ಣು ಬೇಕು, ಅಂತ್ಯದಲ್ಲಿಯೂ ಕಣ್ಣು ಬೇಕು. ತರ್ಕವಿಲ್ಲದ ಕಣ್ಣು ಸ್ಫಟಿಕದಲ್ಲಿ ಆತ್ಮವನ್ನು ಕಂಡಿತು; ಕಣ್ಣಿಲ್ಲದ ತರ್ಕ ಬಿಲ್ಲೆಯನ್ನು ಕಾಣದೆ ಹೋಗುತ್ತಿತ್ತು.

ನನ್ನ ಪ್ರಶ್ನೆಕರ್ತೆ ಈಗ ಶಾಲೆಯನ್ನು ಬಿಟ್ಟು ಮುಂದಿನ ಓದಿಗೆ ಹೋಗಿದ್ದಾಳೆ. ಈ ವರ್ಷ ಅದೇ ಪ್ರಕರಣಕ್ಕೆ ಬಂದಾಗ ಕಪ್ಪು ಹಲಗೆಯ ಮೇಲೆ ದ್ರವಸ್ಫಟಿಕ ಎಂದು ನಾನೇ ಬರೆದೆ. ವಿಗ್ರಹವಾಕ್ಯವನ್ನು ಹೇಳುವ ಮೊದಲು, ಇದರಲ್ಲಿ ಏನಾದರೂ ತಪ್ಪು ಕಾಣುತ್ತದೆಯೆ ಎಂದು ಕೇಳಿದೆ. ಎರಡು ಕೈಗಳು ಮೇಲೆದ್ದವು.